ಅಕ್ಕನ ಇಂಜೆಕ್ಷನ್, ಅಜ್ಜನ ಕುರಿ

ಕಳೆದ ವರ್ಷ ನಮ್ಮ ಕಾಲೇಜಿನ ಫೆಸ್ಟ್‌ನಲ್ಲಿ ಒಂದು ಚರ್ಚಾಸ್ಪರ್ಧೆ ಇತ್ತು. ವಿಷಯ: ‘ಪ್ರಾಣಿಗಳ ಮೇಲಿನ ಪ್ರಯೋಗ ನಿಲ್ಲಬೇಕೇ?’ ನಾನು ‘ನಿಲ್ಲಲೇಬೇಕು’ ಎನ್ನುವವರ ಪರ. ಹಿಂದಿನ ರಾತ್ರಿ ವಿದ್ಯಾನಗರದ ರೂಮಿನಲ್ಲಿ ಕುಳಿತು ಮೊಬೈಲ್‌ನಲ್ಲಿ ಸಿಕ್ಕಿದ್ದನ್ನೆಲ್ಲ ಗೀಚಿಕೊಂಡಿದ್ದೆ. ಪಂಜರದ ಇಲಿ, ಕಣ್ಣಿಗೆ ಶಾಂಪೂ ಹಾಕಿಸಿಕೊಂಡ ಮೊಲ, ತಲೆಗೆ ವೈರು ಚುಚ್ಚಿಸಿಕೊಂಡ ಮಂಗ… ಕೊನೆಗೆ ‘ಮೂಕಪ್ರಾಣಿಗಳಿಗೆ ವೋಟಿಲ್ಲ, ಅದಕ್ಕೇ ಈ ಶಿಕ್ಷೆ’ ಎಂದಾಗ ಚಪ್ಪಾಳೆಯೋ ಚಪ್ಪಾಳೆ. ಎರಡನೇ ಬಹುಮಾನ, ಒಂದು ಸ್ಟೀಲ್ ಬಾಟಲಿ! ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲೇ ನಿಷೇಧಿಸಿದೆ ಎಂಬುದು ನನಗೆ ಗೊತ್ತಿರಲಿಲ್ಲ, ಎದುರಾಳಿಗಳೂ ಎತ್ತಲಿಲ್ಲ. ದುಗ್ಗಮ್ಮನ ಜಾತ್ರೆ ಬಂದರೆ ನೆಂಟರ ಮನೆಯಲ್ಲಿ ಎರಡು ದಿನ ಬಿಡದೆ ಬಾಡೂಟ ಉಣ್ಣುವವನು ನಾನೇ ಎಂಬುದನ್ನೂ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅದಾಗಿ ಮೂರು ತಿಂಗಳಿಗೆ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನಮ್ಮದು ಹರಿಹರದ ಹತ್ತಿರದ ಹಳ್ಳಿ. ಸೀಮಂತ ಮುಗಿದು ವಾರವೂ ಆಗಿರಲಿಲ್ಲ. ಒಂದು ರಾತ್ರಿ ಹನ್ನೊಂದಕ್ಕೆ ಅಮ್ಮನ ಫೋನು. ‘ನೋವು ಕಾಣಿಸ್ಕೊಂಡಾವೋ, ಗಾಡಿ ಮಾಡ್ಕೊಂಡು ದಾವಣಗೆರೆಗೆ ಬರಾಕತ್ತೀವಿ.’ ಅವರು ಬರುವ ಹೊತ್ತಿಗೆ ನಾನು ಆಸ್ಪತ್ರೆಯ ಗೇಟಿನಲ್ಲಿದ್ದೆ. ಡ್ಯೂಟಿ ಡಾಕ್ಟರ್ ತಾಯಿ ಕಾರ್ಡ್ ನೋಡಿ ಬೆರಳು ಮಡಚಿ ಎಣಿಸಿದರು. ಮೂವತ್ತೊಂದು ವಾರ. ತುಂಬಬೇಕಾದದ್ದು ನಲವತ್ತು.

‘ಹೆರಿಗೆ ಪೂರ್ತಿ ನಿಲ್ಲಿಸೋಕೆ ಆಗಲಿಕ್ಕಿಲ್ಲ. ಎರಡು ದಿನ ಮುಂದಕ್ಕೆ ಹಾಕೋಕೆ ನೋಡ್ತೀವಿ. ಅಷ್ಟರಲ್ಲಿ ಈ ಇಂಜೆಕ್ಷನ್ ಮಗುವಿನ ಶ್ವಾಸಕೋಶಾನ ತಯಾರು ಮಾಡುತ್ತೆ’ ಅಂದರು. ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡಿದೆ. ಡೆಕ್ಸಾಮೆಥಾಸೋನ್. ಹನ್ನೆರಡು ತಾಸಿಗೊಂದರಂತೆ ನಾಲ್ಕು ಡೋಸ್, ಒಂದೊಂದರಲ್ಲಿ 6 ಮಿಲಿಗ್ರಾಂ. ಬಿಲ್ ನೋಡಿ ಅಂಗಡಿಯವನಿಗೆ ಎರಡು ಸಲ ಕೇಳಿದೆ, ಇಷ್ಟೇನಾ ಅಂತ. ಒಂದು ಪ್ಲೇಟ್ ಬೆಣ್ಣೆದೋಸೆಯ ರೊಕ್ಕವೂ ಆಗಿರಲಿಲ್ಲ.

ಮೂರನೇ ದಿನ ಬೆಳಗಿನ ಜಾವ ಹೆಣ್ಣುಮಗು ಹುಟ್ಟಿತು. ಒಂದು ಕೆ.ಜಿ. ನಾನ್ನೂರು ಗ್ರಾಂ. ನನ್ನ ಅಂಗೈಯಿಂದ ಮೊಣಕೈವರೆಗೆ ಬರುವಷ್ಟು ಉದ್ದ. ಆದರೆ ಅತ್ತಿತು! ಬಾಗಿಲಾಚೆ ನಿಂತ ನಮಗೆ ಕೇಳಿಸುವಷ್ಟು. ಕೆಲವು ದಿನ ಮೂಗಿಗೆ ಸಣ್ಣ ನಳಿಗೆ, ಆಮೇಲೆ ಅಕ್ಕನ ಎದೆಗೆ ಕಟ್ಟಿ ಮಲಗಿಸುವ ಕಾಂಗರೂ ಆರೈಕೆ. ಇಪ್ಪತ್ನಾಲ್ಕು ದಿನಕ್ಕೆ ಮನೆಗೆ ಬಂತು. ಈಗ ಅದಕ್ಕೆ ಎಂಟು ತಿಂಗಳು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ.

ಆ ಇಪ್ಪತ್ನಾಲ್ಕು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಾಡಲು ಬೇರೆ ಕೆಲಸವೇ ಇರಲಿಲ್ಲ. ಆ ಅಗ್ಗದ ಇಂಜೆಕ್ಷನ್ನು ಎಲ್ಲಿಂದ ಬಂತು ಎಂದು ಓದತೊಡಗಿದೆ. ಓದುತ್ತಾ ಹೋದರೆ ಸಿಕ್ಕಿದ್ದು ಒಂದು ಕುರಿಮರಿ.

ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಎಂಬ ಹೆರಿಗೆ ತಜ್ಞರಿದ್ದರು. 1960ರ ದಶಕದಲ್ಲಿ ಅವರನ್ನು ಕಾಡುತ್ತಿದ್ದ ಪ್ರಶ್ನೆಯೇ ಬೇರೆ: ಹೆರಿಗೆ ಶುರುವಾಗಲು ಸೂಚನೆ ಕೊಡುವವರು ಯಾರು, ತಾಯಿಯೋ ಹೊಟ್ಟೆಯೊಳಗಿನ ಮಗುವೋ? ಗಬ್ಬದ ಕುರಿಗಳ ಹೊಟ್ಟೆಯಲ್ಲಿದ್ದ ಮರಿಗಳಿಗೆ ಸ್ಟಿರಾಯ್ಡ್ ಹಾರ್ಮೋನ್ ಹರಿಸಿ ನೋಡಿದರು. ಕುರಿಗಳು ದಿನ ತುಂಬುವ ಮೊದಲೇ ಈದವು. ಪ್ರಶ್ನೆಗೆ ಉತ್ತರ ಸಿಕ್ಕಿತು, ಸೂಚನೆ ಮರಿಯದ್ದೇ. ಆದರೆ ಜೊತೆಗೆ ಇನ್ನೊಂದು ವಿಚಿತ್ರ ಕಂಡಿತು. 117ನೇ ದಿನಕ್ಕೆ ಹುಟ್ಟಿದ ಒಂದು ಮರಿ ಹುಟ್ಟಿದ ಕೂಡಲೇ ಸಾಯಬೇಕಿತ್ತು, ಆದರೆ ಉಸಿರಾಡುತ್ತಿತ್ತು! ಅದು ಉಳಿಯಲಿಲ್ಲ ನಿಜ. ಕೊಯ್ದು ನೋಡಿದಾಗ ಅದರ ಶ್ವಾಸಕೋಶ ಒಂದಿಷ್ಟು ಉಬ್ಬಿತ್ತು, ಆ ದಿನಕ್ಕೆ ಉಬ್ಬಲೇಬಾರದಿತ್ತು. 1969ರಲ್ಲಿ ಇದನ್ನು ಪ್ರಕಟಿಸಿದರು.

ಇದರ ಬೆಲೆ ಏನೆಂದು ನನಗೆ ಅರ್ಥವಾಗಿದ್ದು ಅಜ್ಜನಿಂದ. ನಮ್ಮಜ್ಜನ ಹತ್ತಿರ ಈಗಲೂ ನಲವತ್ತು ಕುರಿ ಇವೆ. ಕುರಿಗೆ ಸುಮಾರು ಐದು ತಿಂಗಳು, ಲೆಕ್ಕ ಹಾಕಿದರೆ 147 ದಿನದ ಆಸುಪಾಸು. ಫೋನಿನಲ್ಲಿ ಕೇಳಿದೆ, ‘ಅಜ್ಜ, ಒಂದು ತಿಂಗಳು ಮೊದಲೇ ಮರಿ ಹುಟ್ಟಿದ್ರೆ?’ ಅಜ್ಜ ನಕ್ಕ. ‘ಅದಕ್ಕೆ ಹುಟ್ಟೋದು ಅನ್ನಂಗಿಲ್ಲ ಲೇ, ಕಂದು ಹಾಕೋದು ಅಂತೀವಿ. ಬಾಯಿ ಬಾಯಿ ಬಿಟ್ಟು ಹೋಗ್ತೈತಿ. ನನ್ನ ಜನ್ಮದಾಗ ಒಂದೂ ಉಳಿದಿದ್ದು ಕಂಡಿಲ್ಲ.’ ಹುಟ್ಟಿದಾಗಿನಿಂದ ಕುರಿಗಳ ನಡುವೆಯೇ ಬದುಕಿದ ಮನುಷ್ಯ ಕಾಣದ ಒಂದನ್ನು ಲಿಗಿನ್ಸ್ ಕಂಡಿದ್ದರು.

‘ಬಾಯಿ ಬಾಯಿ ಬಿಡುವುದು’ ಯಾಕೆ ಎಂಬುದು ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ಬೇಗ ತಿಳಿಯುತ್ತದೆ. ಒದ್ದೆಯಾದ ಪ್ಲಾಸ್ಟಿಕ್ ಕವರಿನ ಎರಡು ಬದಿ ಅಂಟಿಕೊಂಡರೆ ಊದಿ ಬಿಡಿಸುವುದು ಎಷ್ಟು ಕಷ್ಟ ನೋಡಿ. ಶ್ವಾಸಕೋಶದ ಗಾಳಿಗೂಡುಗಳೂ ಹಾಗೇ. ಒಳಗಿನ ನೀರಿನ ಪದರದ ಮೇಲ್ಮೈ ಎಳೆತ ಅವುಗಳನ್ನು ಮುಚ್ಚಿಬಿಡುತ್ತದೆ. ಆ ಎಳೆತ ಕಡಿಮೆ ಮಾಡಲು ದೇಹವೇ ಸಾಬೂನಿನಂಥ ಒಂದು ವಸ್ತು ತಯಾರಿಸುತ್ತದೆ, ಹೆಸರು ಸರ್ಫ್ಯಾಕ್ಟಂಟ್. ಬೇಗ ಹುಟ್ಟಿದ ಮಕ್ಕಳಲ್ಲಿ ಅದು ಸಾಲದು ಎಂದು 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ತೋರಿಸಿದ್ದರು. ತಾಯಿಗೆ ಕೊಟ್ಟ ಸ್ಟಿರಾಯ್ಡ್ ಮಾಸಿನ ಮೂಲಕ ದಾಟಿ ಮಗುವಿನ ಶ್ವಾಸಕೋಶವನ್ನು ಆ ಕೆಲಸಕ್ಕೆ ಬೇಗ ಹಚ್ಚುತ್ತದೆ. ಅಕ್ಕನಿಗೆ ಎರಡು ದಿನ ಬೇಕಿದ್ದದ್ದು ಇದಕ್ಕೆ.

ಆ ಬೆಂಚಿನ ಮೇಲೆ ನನಗೆ ನನ್ನ ಚಪ್ಪಾಳೆ ನೆನಪಾಯಿತು. ‘ನಿಲ್ಲಲೇಬೇಕು’ ಎಂದು ನಾನು ಕೂಗಿದ್ದು 1965ರಲ್ಲಿ ಜಾರಿಗೆ ಬಂದಿದ್ದರೆ? ನಾಚಿಕೆಯಾಯಿತು. ಕಥೆ ಇಷ್ಟಕ್ಕೇ ಮುಗಿದಿದ್ದರೆ ನಾನೂ ಪಕ್ಷಾಂತರ ಮಾಡಿ ‘ಪ್ರಯೋಗಕ್ಕೆ ಜೈ’ ಎಂದು ಬರೆಯುತ್ತಿದ್ದೆ. ಮುಗಿಯಲಿಲ್ಲ.

ಲಿಗಿನ್ಸ್ ಮತ್ತು ಮಕ್ಕಳ ವೈದ್ಯ ರಾಸ್ ಹೋವಿ ಸೇರಿ ಕುರಿಯಿಂದ ಮನುಷ್ಯರಿಗೆ ಬಂದರು. 282 ತಾಯಂದಿರ ಮೇಲಿನ ಅವರ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಔಷಧ ಪಡೆದವರ ಶಿಶುಗಳಲ್ಲಿ ಮೊದಲ ವಾರದ ಸಾವು ನೂರಕ್ಕೆ 3.2, ಪಡೆಯದವರಲ್ಲಿ 15. ಇಷ್ಟು ಸ್ಪಷ್ಟ ಇದ್ದರೂ ಹೆಚ್ಚಿನ ವೈದ್ಯರು ಬಹಳ ಕಾಲ ನಂಬಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಇದನ್ನು ಬಳಸಿ ಎಂದು ಒಮ್ಮತದ ಹೇಳಿಕೆ ಕೊಟ್ಟದ್ದು 1994ರಲ್ಲಿ. ಇಪ್ಪತ್ತೆರಡು ವರ್ಷ! ಪ್ರಾಣಿ ಜೀವ ತೆತ್ತು ಕೊಟ್ಟ ಜ್ಞಾನವನ್ನು ಫೈಲಿನಲ್ಲಿ ಮಲಗಿಸಿಡುವುದೂ ಒಂದು ಹಿಂಸೆ ಅಂತ ನನಗನ್ನಿಸುತ್ತದೆ. ಈ ಬಗ್ಗೆ ಯಾವ ಚರ್ಚಾಸ್ಪರ್ಧೆಯಲ್ಲೂ ಮಾತು ಕೇಳಿಲ್ಲ.

ಆಮೇಲಿನದು ಇನ್ನೂ ಗೋಜಲು. ಭಾರತ ಸರ್ಕಾರ 2014ರಲ್ಲಿ ಈ ಇಂಜೆಕ್ಷನ್ ಬಗ್ಗೆ ಮಾರ್ಗಸೂಚಿ ತಂದು, ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಡೋಸನ್ನು ಎಎನ್‌ಎಂ ಸಿಸ್ಟರ್‌ಗಳೂ ಕೊಡಬಹುದು ಎಂದಿತು. ಅದೇ ಹೊತ್ತಿಗೆ ಆರು ದೇಶಗಳ ಹಳ್ಳಿಗಾಡುಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆದಿತ್ತು. ನಮ್ಮ ಬೆಳಗಾವಿಯೂ ಅದರಲ್ಲಿತ್ತು. 2015ರಲ್ಲಿ ಪ್ರಕಟವಾದ ಅದರ ಫಲಿತಾಂಶ ಬೆಚ್ಚಿಬೀಳಿಸುವಂಥದ್ದು. ಸೌಲಭ್ಯ ಕಡಿಮೆ ಇರುವ ಕಡೆ ಔಷಧವನ್ನು ಹೆಚ್ಚು ಜನರಿಗೆ ಮುಟ್ಟಿಸಿದಾಗ, ಒಟ್ಟು ಶಿಶುಗಳಲ್ಲಿ 28 ದಿನದೊಳಗಿನ ಸಾವು ಸಾವಿರಕ್ಕೆ 23.9 ಇದ್ದದ್ದು 27.4 ಆಯಿತು. ಕಮ್ಮಿ ಆಗಲಿಲ್ಲ, ಹೆಚ್ಚಾಯಿತು! ವಾರ ಲೆಕ್ಕ ಹಾಕುವುದರಲ್ಲಿ ತಪ್ಪಿದರೆ, ಬೇಡದವರಿಗೂ ಚುಚ್ಚಿದರೆ, ಹುಟ್ಟಿದ ಮೇಲೆ ನೋಡಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ಔಷಧ ಒಂದೇ ಏನೂ ಮಾಡದು. ಕುರಿಯ ಕೊಟ್ಟಿಗೆಯಲ್ಲಿ ಇದು ತಿಳಿಯುವ ವಿಷಯವೇ ಅಲ್ಲ.

ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತೊಮ್ಮೆ ಪರೀಕ್ಷಿಸಿತು. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾಗಳ 29 ಆಸ್ಪತ್ರೆ, 2852 ತಾಯಂದಿರು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಇದರಲ್ಲಿ ಪಾಲ್ಗೊಂಡಿತ್ತು. ಸ್ಕ್ಯಾನಿಂಗ್‌ನಿಂದ ವಾರ ಖಚಿತಪಡಿಸಿಕೊಂಡು, ಶಿಶು ಆರೈಕೆ ಇರುವ ಆಸ್ಪತ್ರೆಯಲ್ಲೇ ಕೊಟ್ಟಾಗ ಶಿಶುಗಳ ಸಾವು ನೂರಕ್ಕೆ 23.5 ಇದ್ದದ್ದು 19.6ಕ್ಕೆ ಇಳಿಯಿತು. 2020ರ ಮಾತು ಇದು. ಕೊರೊನಾ ಗದ್ದಲದಲ್ಲಿ ನಮಗ್ಯಾರಿಗೂ ಕೇಳಿಸಲೇ ಇಲ್ಲ. ನಮ್ಮಕ್ಕನ ಮಗು ಅಳುವುದರ ಹಿಂದೆ ಆಕ್ಲೆಂಡಿನ ಕುರಿಮರಿಯಷ್ಟೇ ಇಲ್ಲ, ಬೆಳಗಾವಿಯ ಹೆಸರು ಗೊತ್ತಿಲ್ಲದ ತಾಯಂದಿರೂ ಇದ್ದಾರೆ.

‘ಹಾಗಾದರೆ ನೇರವಾಗಿ ಮನುಷ್ಯರ ಮೇಲೇ ಪರೀಕ್ಷೆ ಮಾಡಬಹುದಲ್ಲ?’ ಎಂದು ನೀವು ಕೇಳಬಹುದು. ನನ್ನ ಡಿಬೇಟ್‌ನ ಮುಖ್ಯ ವಾದ ಅದೇ ಆಗಿತ್ತು. ಬೇರೆ ಕಾಯಿಲೆಗಳ ವಿಷಯದಲ್ಲಿ ಸ್ವಯಂಸೇವಕರು ಸಹಿ ಹಾಕಿ ಮುಂದೆ ಬರಬಹುದು. ಹೊಟ್ಟೆಯೊಳಗಿನ ಮಗು ಯಾವ ಫಾರಂಗೆ ಸಹಿ ಹಾಕುತ್ತದೆ? ಬಸುರಿಯರನ್ನು ಬಹುತೇಕ ಔಷಧ ಪರೀಕ್ಷೆಗಳಿಂದ ಹೊರಗೇ ಇಡುತ್ತಾರೆ. ಕೊರೊನಾ ಲಸಿಕೆಯ ಮೊದಲ ಪರೀಕ್ಷೆಗಳಲ್ಲೂ ಅವರಿರಲಿಲ್ಲ. ನಮ್ಮಲ್ಲಿ ಲಸಿಕೆ ಶುರುವಾಗಿದ್ದು 2021ರ ಜನವರಿಯಲ್ಲಿ, ಗರ್ಭಿಣಿಯರಿಗೆ ಅನುಮತಿ ಸಿಕ್ಕಿದ್ದು ಜುಲೈನಲ್ಲಿ.

ಪರೀಕ್ಷೆಯೇ ಇಲ್ಲದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಥಾಲಿಡೊಮೈಡ್ ಇದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆ ಮಾತ್ರೆಯಾಗಿ ಬಂದದ್ದನ್ನು ಬಸುರಿಯರು ವಾಂತಿ ನಿಲ್ಲಲು ನುಂಗಿದರು. 1961ರ ಕೊನೆಗೆ ಹಿಂತೆಗೆಯುವಷ್ಟರಲ್ಲಿ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದರು, ಒಟ್ಟು ಹತ್ತು ಸಾವಿರದಷ್ಟು ಎಂಬ ಅಂದಾಜಿದೆ. ಮಾರುಕಟ್ಟೆಗೆ ಬಿಡುವ ಮುನ್ನ ಗರ್ಭಿಣಿ ಪ್ರಾಣಿಗಳ ಮೇಲೆ ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಆಮೇಲೆ ನೋಡಿದಾಗ ಇನ್ನೊಂದು ಸತ್ಯ ಹೊರಬಿತ್ತು: ಇಲಿಗಳಿಗೆ ಅದು ಅಷ್ಟಾಗಿ ತಟ್ಟುವುದೇ ಇಲ್ಲ. ಮೊಲ, ಮಂಗಗಳಲ್ಲಿ ಮಾತ್ರ ಮರಿಗಳ ಅಂಗ ಊನವಾಗುತ್ತದೆ. ಇಲಿಯೊಂದನ್ನೇ ನಂಬಿದ್ದರೆ ‘ಅಪಾಯವಿಲ್ಲ’ ಎಂದೇ ಬರೆಯುತ್ತಿದ್ದರು. ಈಗ ಹೊಸ ಔಷಧಗಳನ್ನು ಸಾಮಾನ್ಯವಾಗಿ ಎರಡು ಜಾತಿಯ ಪ್ರಾಣಿಗಳಲ್ಲಿ ನೋಡಬೇಕೆಂಬ ಪದ್ಧತಿ ಬಂದದ್ದು ಈ ಪೆಟ್ಟಿನಿಂದ.

ನಮ್ಮ ದೇಶದ್ದೇ ಒಂದು ಉದಾಹರಣೆ. ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಇರುತ್ತದೆ. ಅದರ ಸುಳಿವು ಮೊದಲು ಹಿಡಿದವರು ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ. 1928ರಲ್ಲಿ ಮುಂಬೈಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರಿಗೆ ರಕ್ತ ಯಾಕೆ ಇಲ್ಲವಾಗುತ್ತಿದೆ ಎಂದು ಹುಡುಕಿದರು. ಆ ಹೆಂಗಸರು ಉಣ್ಣುವಂಥದ್ದನ್ನೇ ಇಲಿಗಳಿಗೆ ತಿನ್ನಿಸಿದರು. ಇಲಿಗಳಿಗೂ ರಕ್ತಹೀನತೆ ಬಂತು. ಗೆದ್ದೆವು ಅನ್ನುವಷ್ಟರಲ್ಲಿ, ಇಲಿಗಳ ಮೈತುಂಬ ಹೇನು! ಹೇನಿನಿಂದ ಹರಡಿದ ಸೋಂಕೂ ರಕ್ತಹೀನತೆ ತರಬಲ್ಲದು. ಯಾವುದರಿಂದ ಏನಾಯಿತೆಂದು ಹೇಳುವುದು ಹೇಗೆ? ಮತ್ತೆ ಮಂಗಗಳ ಮೇಲೆ ನೋಡಬೇಕಾಯಿತು. ಕೊನೆಗೆ ಕೈಹಿಡಿದದ್ದು ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ. ಅದನ್ನು ತಿಂದ ಬಸುರಿಯರು ಚೇತರಿಸಿಕೊಂಡದ್ದನ್ನು 1931ರಲ್ಲಿ ಪ್ರಕಟಿಸಿದರು. ಅದರೊಳಗಿನ ಅಂಶವೇ ಫೋಲಿಕ್ ಆಮ್ಲ ಎಂದು ಆಮೇಲೆ ತಿಳಿಯಿತು. ದಾವಣಗೆರೆಯ ಮಿಲ್ಲುಗಳ ಕಥೆ ಕೇಳಿ ಬೆಳೆದ ನಮಗೆ ಆ ಗಿರಣಿ ಹೆಂಗಸರ ಮುಖ ಊಹಿಸಿಕೊಳ್ಳುವುದು ಕಷ್ಟವಲ್ಲ. ನನಗೆ ಮಾತ್ರ ಇದರಲ್ಲಿ ಹೇನಿನ ಭಾಗವೇ ಮುಖ್ಯವಾಗಿ ಕಾಣುತ್ತದೆ. ಪ್ರಾಣಿಯನ್ನು ಚೆನ್ನಾಗಿ ಇಟ್ಟುಕೊಳ್ಳದಿದ್ದರೆ ಅದರ ಜೀವವೂ ಹೋಯಿತು, ಡೇಟಾವೂ ಹೋಯಿತು.

ಎಲ್ಲ ಪ್ರಯೋಗವೂ ಮಾತ್ರೆಯಾಗಿ ಮೆಡಿಕಲ್ ಶಾಪಿಗೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಅವರ ತಂಡ ಗಂಡಸರಿಗೆ ಗರ್ಭನಿರೋಧಕ ಲಸಿಕೆ ಮಾಡಲು ಬಹಳ ವರ್ಷ ದುಡಿಯಿತು. ಪ್ರಯೋಗಕ್ಕೆ ಬಳಸಿದ್ದು ನಮ್ಮ ಗುಡಿಗಳ ಮುಂದೆ ಬಾಳೆಹಣ್ಣು ಕಸಿಯುತ್ತವಲ್ಲ, ಅದೇ ಜಾತಿಯ ಕೋತಿಗಳು. ಲಸಿಕೆಗೆ ಬೇಕಾದ ಎಫ್‌ಎಸ್‌ಎಚ್ ಹಾರ್ಮೋನ್ ಇಲ್ಲೂ ಕುರಿಯದ್ದೇ! ಗಂಡು ಕೋತಿಗಳಲ್ಲಿ ಸಂತಾನಶಕ್ತಿ ನಿಂತಿತು. ಕೆಲವೇ ಸ್ವಯಂಸೇವಕರ ಮೇಲೆ ನಡೆದ ಪ್ರಾಥಮಿಕ ಪರೀಕ್ಷೆಯ ವರದಿ 1997ರಲ್ಲಿ ಬಂತು. ಅದೇ ವರ್ಷ ಅಮೆರಿಕದಲ್ಲಿ, ಆ ಹಾರ್ಮೋನೇ ಇಲ್ಲದಂತೆ ಜೀನ್ ತೆಗೆದು ಬೆಳೆಸಿದ ಗಂಡು ಇಲಿಗಳು ಮರಿ ಹುಟ್ಟಿಸಿದವು ಎಂಬ ವರದಿಯೂ ಬಂತು. ಕೋತಿ ಒಂದು ಹೇಳಿತು, ಇಲಿ ಇನ್ನೊಂದು. ಇದನ್ನು ವ್ಯರ್ಥ ಎನ್ನಲು ನನಗೆ ಮನಸ್ಸಿಲ್ಲ. ಗರ್ಭನಿರೋಧದ ಭಾರವೆಲ್ಲ ಹೆಂಗಸರ ಮೇಲೇ ಇರುವ ದೇಶದಲ್ಲಿ ಗಂಡಸರ ಕಡೆ ತಿರುಗಿದ ಪ್ರಶ್ನೆ ಅದು. ಆದರೆ ಆ ಕೋತಿಗಳ ಲೆಕ್ಕವೂ ಲೆಕ್ಕವೇ.

ಇನ್ನು ಕೆಲವು ಪ್ರಯೋಗಗಳಿಗೆ ಪ್ರಶ್ನೆಯೇ ಇರುವುದಿಲ್ಲ. ನನ್ನ ರೂಮ್‌ಮೇಟ್ ಫಾರ್ಮಸಿ ಓದುತ್ತಾನೆ. ಅವನಿಗೆ ಪರಿಚಯದ ಸೀನಿಯರ್ ಒಬ್ಬರು ಥೀಸಿಸ್‌ಗಾಗಿ, ಆಗಲೇ ಹತ್ತಾರು ಜನ ಮಾಡಿದ್ದ ಒಂದು ಗಿಡದ ಕಷಾಯವನ್ನು ಮತ್ತೆ ಗರ್ಭಿಣಿ ಇಲಿಗಳಿಗೆ ಕುಡಿಸಿದರಂತೆ. ‘ಯಾಕಂದ್ರೆ ಡಿಗ್ರಿ ಬೇಕಲ್ಲ ಮಾರಾಯ’ ಅಂದ. ಕಾಲೇಜು ಯಾವುದೆಂದು ನಾನು ಬರೆಯುವುದಿಲ್ಲ, ಆ ಊರು ಇದಲ್ಲ. ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೇ, ಬರೀ ಕೈಚಳಕ ಕಲಿಯಲು ಪ್ರಾಣಿಯ ಮೇಲೆ ಪ್ರಯೋಗ ಬೇಡ, ಸಣ್ಣ ಪ್ರಾಣಿಯಲ್ಲಿ ಆಗುವ ಕೆಲಸಕ್ಕೆ ದೊಡ್ಡದನ್ನು ಬಳಸಬೇಡಿ ಎನ್ನುತ್ತದೆ. ಕೇಂದ್ರದಲ್ಲಿ ಇದಕ್ಕಾಗಿಯೇ ಸಮಿತಿ ಇದೆ, 1998ರ ನಿಯಮಗಳಿವೆ. ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇರಬೇಕು, ‘ಫಾರಂ ಬಿ’ ತುಂಬಬೇಕು, ಎಷ್ಟು ಪ್ರಾಣಿ, ಯಾಕೆ ಅಷ್ಟೇ ಬೇಕು ಎಂದು ಬರೆಯಬೇಕು. ನನ್ನ ತಕರಾರು ಇರುವುದು ಆ ಫಾರಂ ಒಳಗೇ ಉಳಿಯುವುದರ ಬಗ್ಗೆ.

ಮಗು ಮನೆಗೆ ಬಂದ ಮೇಲೆ ಹಳ್ಳಿಗೆ ಹೋದಾಗ ಅಜ್ಜನಿಗೆ ಇಡೀ ಕಥೆ ಹೇಳಿದ್ದೆ. ಸಂಜೆ ಕುರಿಗಳು ರೊಪ್ಪಕ್ಕೆ ಬರುವ ಹೊತ್ತು. ಅಜ್ಜ ಬಾಗಿಲಲ್ಲಿ ಕೋಲು ಅಡ್ಡ ಹಿಡಿದು ಒಂದೊಂದನ್ನೇ ಒಳಬಿಡುತ್ತಾ ಎಣಿಸುತ್ತಿದ್ದ. ಎಣಿಕೆ ಮುಗಿಯುವವರೆಗೆ ನನಗೆ ಉತ್ತರವೇ ಇಲ್ಲ. ಆಮೇಲೆ ಕೇಳಿದ, ‘ಆ ಮರಿ ಸತ್ತು ಹೋತು ಅಂದಿ. ಅದರ ತಾಯಿ ಏನಾತು?’

‘ಗೊತ್ತಿಲ್ಲಜ್ಜ.’

‘ಒಟ್ಟು ಎಷ್ಟು ಕುರಿ ಹಿಡಕೊಂಡಿದ್ರಂತ?’

ಅದನ್ನೂ ನಾನು ಓದಿರಲಿಲ್ಲ. ಮೊಮ್ಮಗಳ ಮಗಳನ್ನು ಉಳಿಸಿದ ಪ್ರಯೋಗವನ್ನು ಅಜ್ಜ ಬೈಯಲಿಲ್ಲ, ಹೊಗಳಲೂ ಇಲ್ಲ. ಎಷ್ಟು ಎಂದು ಕೇಳಿದ, ಅಷ್ಟೇ. ಬ್ರಿಟನ್‌ನಲ್ಲಿ ಸರ್ಕಾರ ಪ್ರತಿ ವರ್ಷ ಯಾವ ಪ್ರಾಣಿ, ಎಷ್ಟು ಪ್ರಯೋಗ, ಯಾವ ಉದ್ದೇಶಕ್ಕೆ, ನೋವು ಎಷ್ಟರ ಮಟ್ಟಿನದು ಎಂದು ಅಂಕಿಅಂಶ ಪ್ರಕಟಿಸುತ್ತದೆ. ನಮ್ಮಲ್ಲಿ ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ, ಪ್ಲೇಸ್‌ಮೆಂಟ್ ಪಟ್ಟಿಯ ಪಕ್ಕದಲ್ಲೇ ಈ ಲೆಕ್ಕ ಅಂಟಿಸಬೇಕು. ಪ್ರಯೋಗ ಸೋತಿದ್ದರೆ ಸೋತಿತು ಎಂದೇ ಬರೆಯಲಿ. ಇಲ್ಲದಿದ್ದರೆ ಇನ್ನೊಬ್ಬ ಸೀನಿಯರ್ ಇನ್ನೊಂದು ಊರಿನಲ್ಲಿ ಅದೇ ಕಷಾಯವನ್ನು ಅಷ್ಟೇ ಇಲಿಗಳಿಗೆ ಮತ್ತೆ ಕುಡಿಸುತ್ತಾರೆ. ಈಗ ನನ್ನ ನಿಲುವು ಇದು: ಬಸುರಿ ಮತ್ತು ಶಿಶುವಿನ ಔಷಧಕ್ಕೆ ಬೇರೆ ದಾರಿ ಸಿಗುವವರೆಗೆ ಪ್ರಾಣಿ ಪ್ರಯೋಗ ಬೇಕು, ಆದರೆ ಲೆಕ್ಕ ತೋರಿಸದ ಪ್ರಯೋಗ ಒಂದೂ ಬೇಡ. ಮೊದಲ ಬಹುಮಾನ ಬರುವ ನಿಲುವಂತೂ ಅಲ್ಲ, ಇದಕ್ಕೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ.

ಬೇರೆ ದಾರಿ ಹುಡುಕುವವರು ಯಾರು? ಇಲ್ಲಿ ನಮ್ಮ ಸರದಿ ಬರುತ್ತದೆ ಗೆಳೆಯರೇ. ಬದಲಿಸು, ಕಡಿಮೆ ಮಾಡು, ನೋವು ತಗ್ಗಿಸು ಎಂಬ ಮೂರು ಸೂತ್ರವನ್ನು ರಸೆಲ್ ಮತ್ತು ಬರ್ಚ್ ಎಂಬಿಬ್ಬರು 1959ರಲ್ಲೇ ಹೇಳಿದ್ದರು. ಮೊದಲೆರಡರಲ್ಲಿ ದೊಡ್ಡ ಪಾಲು ಎಂಜಿನಿಯರಿಂಗ್ ಕೆಲಸ. ಫಾರ್ಮಸಿ ಪ್ರಾಕ್ಟಿಕಲ್‌ಗಳಲ್ಲಿ ಕಪ್ಪೆ, ಮೊಲಗಳ ಜಾಗಕ್ಕೆ ಬಂದದ್ದು ಪುದುಚೇರಿಯ ಜಿಪ್ಮರ್‌ನಲ್ಲಿ ರೂಪಿಸಿದ ‘ಎಕ್ಸ್‌ಫಾರ್ಮ್’ ಎಂಬ ಸಾಫ್ಟ್‌ವೇರ್. ಇಂದಿನ ಲೆಕ್ಕದಲ್ಲಿ ಅದು ನಮ್ಮ ಮಿನಿ ಪ್ರಾಜೆಕ್ಟ್ ಮಟ್ಟದ್ದು, ಆದರೆ ಎಷ್ಟು ಕಪ್ಪೆ ಉಳಿಸಿತೋ. ಮಾಸಿನ ಕೋಶಗಳನ್ನು ಸಣ್ಣ ಚಿಪ್ಪಿನ ಎರಡು ಕಾಲುವೆಗಳ ನಡುವೆ ಬೆಳೆಸಿ, ತಾಯಿ ಕಡೆಯಿಂದ ಮಗುವಿನ ಕಡೆಗೆ ಏನು ದಾಟುತ್ತದೆ ಎಂದು ನೋಡುವ ಸಾಧನವನ್ನು ಅಮೆರಿಕದಲ್ಲಿ ಮಾಡಿದ್ದಾರೆ. ಬೆಂಗಳೂರಿನ ಪಾಂಡೋರಂ ಎಂಬ ಸ್ಟಾರ್ಟಪ್ 2015ರಲ್ಲೇ ಯಕೃತ್ತಿನ ಅಂಗಾಂಶವನ್ನು ತ್ರೀಡಿ ಪ್ರಿಂಟ್ 마ಡಿತ್ತು. 2023ರಲ್ಲಿ ನಮ್ಮ ಔಷಧ ಪರೀಕ್ಷಾ ನಿಯಮಗಳಿಗೆ ತಿದ್ದುಪಡಿಯಾಗಿ, ಇಂಥ ಪ್ರಾಣಿರಹಿತ ವಿಧಾನಗಳ ಫಲಿತಾಂಶಕ್ಕೂ ಜಾಗ ಸಿಕ್ಕಿದೆ. ಎಲ್ಲರೂ ಐಟಿ ಕಂಪನಿಯ ಬಾಗಿಲಲ್ಲೇ ಸಾಲುಗಟ್ಟಿರುವಾಗ ಈ ಕಡೆ ಒಮ್ಮೆ ನೋಡಬಹುದು.

ನಾಳೆಯೇ ಕುರಿ, ಇಲಿಗಳಿಗೆ ರಜೆ ಸಿಗುತ್ತದೆ ಅಂತಲ್ಲ. 2017ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯವರು ದ್ರವ ತುಂಬಿದ ಚೀಲದಲ್ಲಿ, ಅಂದರೆ ಕೃತಕ ಗರ್ಭಚೀಲದಲ್ಲಿ, ದಿನ ತುಂಬದ ಮರಿಗಳನ್ನು ನಾಲ್ಕು ವಾರದವರೆಗೆ ಬದುಕಿಸಿದರು. ಪಂಪು ಸಹ ಇಲ್ಲ, ಮರಿಯ ಹೃದಯವೇ ರಕ್ತವನ್ನು ಯಂತ್ರದೊಳಗೆ ತಳ್ಳುತ್ತದೆ. ಅದರ ಚಿತ್ರ ನೋಡಿ ನಾನು ಒಂದು ಗಂಟೆ ಮೊಬೈಲ್ ಕೆಳಗಿಟ್ಟಿಲ್ಲ. ಅಲ್ಲೂ ಇದ್ದದ್ದು ಕುರಿಮರಿಯೇ.

ನಾನೂ ರೂಮ್‌ಮೇಟ್ ಕೂಡಿ ಒಂದು ಪ್ರಾಜೆಕ್ಟ್ ಯೋಚಿಸಿದ್ದೇವೆ. ಪಂಜರದ ಮೇಲೆ ಒಂದು ಅಗ್ಗದ ಕ್ಯಾಮೆರಾ. ಗರ್ಭಿಣಿ ಇಲಿ ಎಷ್ಟು ಓಡಾಡಿತು, ಎಷ್ಟು ತಿಂದಿತು, ಯಾವಾಗಿನಿಂದ ಮುದುಡಿ ಕೂತಿದೆ ಎಂಬುದನ್ನು ಅದನ್ನು ಮುಟ್ಟದೆಯೇ ಗುರುತಿಸಿ, ನೋವಿನ ಲಕ್ಷಣ ಕಂಡರೆ ಫೋನಿಗೆ ಮೆಸೇಜ್ ಕಳಿಸುವುದು. ಒಂದೇ ಇಲಿಯಿಂದ ಹೆಚ್ಚು ಮಾಹಿತಿ ಸಿಕ್ಕರೆ ಮುಂದಿನ ಪ್ರಯೋಗಕ್ಕೆ ನಾಲ್ಕು ಇಲಿ ಕಮ್ಮಿ ಸಾಕಾಗಬಹುದು. ಇಂಥ ದುಬಾರಿ ಯಂತ್ರಗಳು ವಿದೇಶದಲ್ಲಿವೆ, ನಮ್ಮದು ಐದು ಸಾವಿರದೊಳಗೆ ಆಗಬೇಕೆಂಬ ಆಸೆ. ಗೈಡ್ ಹತ್ತಿರ ಹೋದಾಗ ಅವರು ಸಿನಾಪ್ಸಿಸ್ ತಿರುವಿ ಹಾಕಿ, ‘ಇಂಟರ್‌ವ್ಯೂನಲ್ಲಿ ಇದರ ಬಗ್ಗೆ ಏನಂತ ಹೇಳ್ತೀಯೋ?’ ಅಂದರು. ನಾನು ಅಕ್ಕನ ಮಗಳ ಫೋಟೊ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿ, ಸಹಿ ಹಾಕಿ, ‘ಮೊದಲು ಎಷ್ಟು ಕ್ಯಾಮೆರಾ ಬೇಕು, ಎಷ್ಟು ಇಲಿ ಅಂತ ಲೆಕ್ಕ ಬರ್ಕೊಂಡು ಬಾ’ ಎಂದರು.